ನಾರಣಪ್ಪನ ಹೆಣ ಯಾರ ಪಾಲಿಗೆ?

ಮೂಲೆಗೆ ದಾರ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗಕ್ಕೆ ಎಷ್ಟೋ ಕನ್ನಡ ಮನೆಗಳಲ್ಲಿ ಹಿರಿಯರ ಸ್ಥಾನವಿದೆ. ಮದುವೆಗೆ ಲಗ್ನ, ಗೃಹಪ್ರವೇಶಕ್ಕೆ ಮುಹೂರ್ತ, ಅಪ್ಪನ ಶ್ರಾದ್ಧಕ್ಕೆ ತಿಥಿ, ಎಲ್ಲಕ್ಕೂ ಅದರ ಪುಟವನ್ನೇ ತಿರುವುತ್ತಾರೆ. ಯಾವ ಕರ್ಮ ಯಾವಾಗ ಆಗಬೇಕು ಎಂಬುದನ್ನು ಅದು ಹೇಳುತ್ತದೆ. ಯಾರು ಮಾಡಬೇಕು ಎಂಬ ಪ್ರಶ್ನೆ ಅದರ ಪಾಲಿನದಲ್ಲ. 1970ರಲ್ಲಿ ಕನ್ನಡ ಸಿನಿಮಾ ಎತ್ತಿಕೊಂಡದ್ದು ಈ ಎರಡನೆಯ ಪ್ರಶ್ನೆಯನ್ನು.

ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರ ‘ಸಂಸ್ಕಾರ’. ಚಿತ್ರಕಥೆ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸಂಗೀತ ರಾಜೀವ ತಾರಾನಾಥರದು. 

ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವ ತನಕ ಯಾರೂ ಊಟ ಮಾಡುವಂತಿಲ್ಲ. ಆದರೆ ಅವನು ಮಾಂಸ ತಿಂದವನು, ಹೆಂಡ ಕುಡಿದವನು, ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಅಂಥವನಿಗೆ ಕೊಳ್ಳಿ ಇಟ್ಟವನ ಬ್ರಾಹ್ಮಣ್ಯ ಏನಾದೀತು? ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಮುಂದಿಡುತ್ತಾಳೆ. ಅಲ್ಲಿಯವರೆಗೆ ಮೈಲಿಗೆಗೆ ಅಂಜಿದವರಿಗೆ ಈಗ ಬೇರೆ ಅಂಜಿಕೆ: ಚಿನ್ನ ಪಕ್ಕದ ಮನೆಯವನ ಪಾಲಾದರೆ! ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ಜಾಲಾಡುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಕೂತು ಪ್ರಸಾದ ಕೇಳುತ್ತಾರೆ. ಹೂವು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಕಾದಂಬರಿಯಲ್ಲಿ ಕೊನೆಗೆ ಚಂದ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಅಗ್ರಹಾರಕ್ಕೆ ಸುದ್ದಿಯೇ ಇಲ್ಲ.

ಈ ಕಥೆ ಧರ್ಮವನ್ನು ಹೀಗಳೆಯುತ್ತದೆ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ದಿಕ್ಕಿಲ್ಲದ ಹೆಣಕ್ಕೆ ಸಂಸ್ಕಾರ ಮಾಡಿದರೆ ಕೋಟಿ ಯಜ್ಞದ ಫಲ ಎಂಬ ಮಾತು ಸಂಪ್ರದಾಯಸ್ಥರ ಬಾಯಲ್ಲೇ ಇದೆ. ಅನಾಥಪ್ರೇತ ಸಂಸ್ಕಾರ ಎಂಬ ಹೆಸರೂ ಅದಕ್ಕಿದೆ. ನಂಟರು, ನೆರೆಯವರು ಸುತ್ತ ನೆರೆದಿದ್ದೂ ನಾರಣಪ್ಪ ಅನಾಥನಾದ. ಕೊರತೆ ಶಾಸ್ತ್ರದಲ್ಲಿತ್ತೋ, ಅದನ್ನು ಓದಿದವರಲ್ಲೋ? ಸಿನಿಮಾದ ನಿಜವಾದ ವಾದ ಇಲ್ಲಿದೆ, ಅದು ಧಾರ್ಮಿಕ ವಾದವೇ. 2020–21ರಲ್ಲಿ ಕೋವಿಡ್ ಹೆಣಗಳ ಹತ್ತಿರ ಸುಳಿಯಲು ಹೆತ್ತ ಮಕ್ಕಳೇ ಹೆದರಿದಾಗ, ಕರ್ನಾಟಕದ ಹಲವೆಡೆ ಹೆಗಲು ಕೊಟ್ಟವರು ಬೇರೆ ಜಾತಿಯ, ಬೇರೆ ಧರ್ಮದ ಹುಡುಗರು. ಅಹಮದ್ ಬ್ಯಾರಿ ಬರೀ ಕಾದಂಬರಿಕಾರನ ಕಲ್ಪನೆಯಲ್ಲ ಎಂಬುದನ್ನು ನಾಡು ಕಣ್ಣಾರೆ ಕಂಡಿತು.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಹೋರಾಡಿ ಬಿಡುಗಡೆಯಾದ ಅದೇ ಚಿತ್ರ 1970ರ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು.

ಅದಕ್ಕೆ ನಾಲ್ಕು ವರ್ಷ ಮೊದಲು ಪ್ಯಾರಿಸ್ಸಿನಲ್ಲೂ ಒಂದು ಚಿತ್ರಕ್ಕೆ ಇಂಥದೇ ತಡೆ ಬಂದಿತ್ತು. ದಿದರೋನ ಕಾದಂಬರಿಯನ್ನು ಆಧರಿಸಿ ಜಾಕ್ ರಿವೆಟ್ ‘ಲಾ ರೆಲಿಜಿಯೂಸ್’ ತೆಗೆದಿದ್ದರು. ಮನಸ್ಸಿಲ್ಲದ ಹುಡುಗಿಯನ್ನು ಬಲವಂತವಾಗಿ ಸನ್ಯಾಸಿನಿ ಮಾಡುವ ಕಥೆ ಅದು. ಸೆನ್ಸಾರ್ ಸಮಿತಿ ಒಪ್ಪಿದ್ದರೂ, ಕ್ಯಾಥೊಲಿಕ್ ಸಂಘಟನೆಗಳ ಒತ್ತಡಕ್ಕೆ ಮಣಿದು ಸರ್ಕಾರ 1966ರ ವಸಂತದಲ್ಲಿ ಅದನ್ನು ನಿಷೇಧಿಸಿತು. ಸಂಸ್ಕೃತಿ ಸಚಿವ ಮಾಲ್ರೋಗೆ ಚಿತ್ರನಿರ್ದೇಶಕ ಗೊದಾರ್ ಬಹಿರಂಗವಾಗಿ ಕಟುವಾದ ಪತ್ರ ಬರೆದರು. ಚಿತ್ರ ಕಾನ್ ಉತ್ಸವದಲ್ಲಿ ಪ್ರದರ್ಶನಗೊಂಡಿತು, ಫ್ರಾನ್ಸಿನ ಜನಕ್ಕೆ ನೋಡಸಿಕ್ಕಿದ್ದು ಮಾತ್ರ 1967ರಲ್ಲಿ. ಕಾನ್ವೆಂಟಾಗಲಿ ಅಗ್ರಹಾರವಾಗಲಿ, ಒಳಗಿನವರ ಸಂಕಟ ಹೊರಗೆ ಕಾಣಬಾರದೆಂಬ ಹಟ ಎರಡೂ ಕಡೆ ಒಂದೇ.

ಕರ್ಮ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಕನ್ನಡನಾಡಿನಲ್ಲಿ ಬೇರೆಯದೇ ಉತ್ತರವೂ ಇತ್ತು. ಅದೇ 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯ ಪದ್ಧತಿಯಲ್ಲಿ ನಡೆಸಿದರು. ಕುವೆಂಪು ಬಾಳಿದ ‘ಉದಯರವಿ’ ಮನೆ ಇರುವುದು, ಗೋಡೆಯ ಆ ಪಂಚಾಂಗಕ್ಕೆ ಹೆಸರು ಕೊಟ್ಟ ಮೈಸೂರಿನ ಒಂಟಿಕೊಪ್ಪಲ್ ಭಾಗದಲ್ಲೇ. ಆ ಮದುವೆಗೆ ಮುಹೂರ್ತ ಬೇಕಿರಲಿಲ್ಲ, ಪುರೋಹಿತರೂ ಬೇಕಿರಲಿಲ್ಲ. ಆದರೂ ಮಂತ್ರ ಉಳಿಯಿತು, ಅರ್ಥ ತಿಳಿದು ಹೇಳುವ ಮಂತ್ರವಾಗಿ. ಪಂಚಾಂಗ ಗುಣಿಸುವ ಬಡಾವಣೆಯೇ ಪಂಚಾಂಗ ಬೇಡದ ಮದುವೆಯನ್ನೂ ಕೊಟ್ಟಿತು ಎನ್ನುವುದು ಹೆಮ್ಮೆಪಡುವಂಥ ಸಂಗತಿ.

‘ಸಂಸ್ಕಾರ’ದ ಪ್ರಶ್ನೆಯ ಮತ್ತೊಂದು ಮುಖ 1977ರಲ್ಲಿ ಕಂಡಿತು, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ. ಕಥೆ ಅನಂತಮೂರ್ತಿಯವರದೇ. ಅಲ್ಲಿ ಸತ್ತವನಿಗೆ ಕರ್ಮವಿಲ್ಲ. ಇಲ್ಲಿ ಬಸುರಿಯಾದ ವಿಧವೆ ಯಮುನಕ್ಕ ಬದುಕಿರುವಾಗಲೇ ಅವಳಿಗೆ ಶ್ರಾದ್ಧ, ಅದೂ ಹೆತ್ತ ತಂದೆಯ ಕೈಯಿಂದ. ಊರಿಗೆ ಊರೇ ಕೈಬಿಟ್ಟಾಗ ಅವಳಿಗಾಗಿ ಮರುಗಿದವನು ನಾಣಿ ಎಂಬ ಪುಟ್ಟ ವಟು. ಈ ಚಿತ್ರದ ಪುನರುದ್ಧರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಎರಡೂ ಚಿತ್ರಗಳನ್ನು ಮೈಸೂರಿನಲ್ಲಿ ಒಟ್ಟಿಗೆ ತೋರಿಸಿ, ವೇದ ಓದಿದವರನ್ನೂ ಕರೆದು ಕೂರಿಸಿ, ಪ್ರಾಣೇಶಾಚಾರ್ಯರಿಗೆ ಅವರು ಯಾವ ಉತ್ತರ ಕೊಡುತ್ತಿದ್ದರೆಂದು ಕೇಳಬೇಕು.