ಭೂಕಂಪವೂ ನೆರೆಯವನ ಪಾಪವೂ



ಮಳೆ ಬಾರದಿದ್ದರೆ ಬಾವಿಯ ಕಡೆಗೆ ಹೋಗುವೆವು. ಹಳ್ಳವು ತುಂಬಿ ಬಂದರೆ ದಿನ್ನೆಗೆ ಓಡುವೆವು. ನೆಲವೇ ನಡುಗಿದರೆ ಎಲ್ಲಿಗೆ ಓಡೋಣ? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯವರಾದ ನಾವು ಕಪ್ಪತಗುಡ್ಡವನ್ನು ನೋಡಿ, ಈ ನೆಲವು ಎಂದಿಗೂ ಕದಲದೆಂದು ನಂಬಿ ಮಲಗುವೆವು. ನಮ್ಮಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ ಕಿಲ್ಲಾರಿಯವರೂ ಹಾಗೆಯೇ ನಂಬಿ ಮಲಗಿದ್ದರು.

1993ನೆಯ ಇಸವಿ ಸಪ್ಟೆಂಬರ್ 30ನೆಯ ತಾರೀಖು, ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನು ಕೆಲವು ನಿಮಿಷಗಳಿರುವಾಗ, ಲಾತೂರ ಜಿಲ್ಲೆಯಲ್ಲಿಯೂ ಅಂದಿನ ಉಸ್ಮಾನಾಬಾದ ಜಿಲ್ಲೆಯಲ್ಲಿಯೂ ಊರಿಗೆ ಊರೇ ನೆಲಕ್ಕೆ ಬಿದ್ದವು. ಹಿಂದಿನ ದಿನ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನರು ತಡವಾಗಿ ಮಲಗಿ ಗಾಢನಿದ್ರೆಯಲ್ಲಿದ್ದರು. ಸುಮಾರು 10,000 ಮಂದಿ ಸತ್ತರು. ನಮ್ಮ ರಾಜ್ಯದ ಬೀದರ, ಕಲಬುರ್ಗಿ, ವಿಜಯಪುರದ ಕಡೆಗಳಲ್ಲಿಯೂ ಜನರು ಆ ನಡುಕವನ್ನು ಕಂಡರು.

ಇಂಥ ಸುದ್ದಿ ಬಂದಾಗಲೆಲ್ಲಾ ಅದರ ಬೆನ್ನಿಗೇ ಒಂದು ಮಾತು ಬರುವದು: "ಅವರ ಪಾಪದ ಕೊಡ ತುಂಬಿತ್ತು." ಇದನ್ನು ಹೇಳುವವರು ಪರರು ಮಾತ್ರವಲ್ಲ, ನಾವೂ ಹೇಳಿದೆವೆಂದು ಇಲ್ಲಿ ಅರಿಕೆಮಾಡುತ್ತೇವೆ. 2023ನೆಯ ಇಸವಿ ಫೆಬ್ರವರಿ 6ರಂದು ತುರ್ಕಸ್ಥಾನದಲ್ಲಿಯೂ ಸಿರಿಯದಲ್ಲಿಯೂ ಭೂಕಂಪವಾಗಿ 50,000ಕ್ಕಿಂತ ಹೆಚ್ಚು ಜನರು ಸತ್ತರು. ಆ ವಾರ ಒಂದು ಹಳ್ಳಿಯ ಪ್ರಾರ್ಥನಾಕೂಟದಲ್ಲಿ ನಾವು ದೇವರ ಕೋಪದ ವಿಷಯವಾಗಿ ಬೋಧಿಸಿ, ಕಿಲ್ಲಾರಿಯನ್ನೂ ಉದಾಹರಿಸಿ, ವಿಗ್ರಹದ ಹಬ್ಬದ ಮರುದಿನವೇ ಅಲ್ಲಿಯೂ ಹಾಗಾಯಿತೆಂದು ಹೇಳಿದೆವು. ಕೂಟವು ಮುಗಿದ ಮೇಲೆ ಬಾಗಲ ಬಳಿಯಲ್ಲಿ ಕುಳಿತಿದ್ದ ವಯಸ್ಸಾದ ಬಾಯಿಯೊಬ್ಬಳು ನಮ್ಮ ಹತ್ತಿರ ಬಂದಳು. ಆಕೆ ಉಮರ್ಗಾ ಸೀಮೆಯಿಂದ ದುಡಿಯಲಿಕ್ಕೆ ಈ ಕಡೆಗೆ ಬಂದು ಸಭೆಗೆ ಸೇರಿದವಳು. ಮೆಲ್ಲಗೆ ಕೇಳಿದಳು: "ಅಯ್ಯನವರೇ, ನನ್ನ ಮಗಳಿಗೆ ಆಗ ಎಂಟು ತಿಂಗಳು. ಅದರ ಪಾಪ ಯಾವುದಂತ ಹೇಳ್ರಿ. ಮೂವತ್ತು ವರ್ಷ ಹುಡುಕೇನಿ, ನನಗ ಸಿಕ್ಕಿಲ್ಲ."

ನಮ್ಮ ಬಾಯಲ್ಲಿ ಉತ್ತರವಿರಲಿಲ್ಲ. ಆಕೆ ಮತ್ತೂ ಹೇಳಿದ್ದೇನಂದರೆ, ಗೋಡೆ ಬಿದ್ದ ಮೇಲೆ ಉಳಿದವರು ಅನೇಕ ದಿವಸ ಮಳೆಯಲ್ಲಿ ನೆನೆದರೂ ಸೂರಿನ ಕೆಳಗೆ ಹೋಗಲು ಒಪ್ಪಲಿಲ್ಲ; ನೆಲವು ಆಗಾಗ್ಗೆ ತಿರಿಗಿ ನಡುಗುತ್ತಿತ್ತು; ಈ ಹೊತ್ತಿಗೂ ತಾನು ಬಾಗಲಿಗೆ ಅಗುಳಿ ಹಾಕದೆ ಮಲಗುವೆನು.

ಆ ರಾತ್ರಿ ನಾವು ಲೂಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆರೆದೆವು. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತದ್ದನ್ನು ಕರ್ತನು ತಾನಾಗಿಯೇ ಎತ್ತಿ ಹೇಳುತ್ತಾನೆ. ಅವರು ಯೆರೂಸಲೇಮಿನ ಉಳಿದವರಿಗಿಂತ ಅಪರಾಧಿಗಳೋ ಎಂದು ಕೇಳಿ, ಅಲ್ಲವೆಂದು ತಾನೇ ಉತ್ತರ ಕೊಡುತ್ತಾನೆ. ಬಳಿಕ ಮನಸ್ಸು ತಿರುಗಿಸಿಕೊಳ್ಳಿರೆಂದು ಹೇಳುವದು ಯಾರಿಗೆ? ಸತ್ತವರ ಮನೆಗಲ್ಲ, ಎದುರಿಗೆ ನಿಂತು ಕೇಳುವವರಿಗೆ. ನಾವಾದರೋ ಆ ಮಾತನ್ನು ನಮ್ಮ ಹೊಸ್ತಿಲಿಂದ ಎತ್ತಿ ದುಃಖಪಡುವವರ ಹೊಸ್ತಿಲಲ್ಲಿ ಇಟ್ಟಿದ್ದೆವು.

ಇನ್ನೂ ಯೋಚಿಸಿರಿ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದ ಅಂತಿಯೋಕ್ಯ ಪಟ್ಟಣವು ಈಗಿನ ತುರ್ಕಸ್ಥಾನದಲ್ಲಿಯೇ ಇದೆ. 2023ರಲ್ಲಿ ಅಲ್ಲಿಯ ಮಸೀದಿಯೂ ಬಿತ್ತು, ಪ್ರೊಟೆಸ್ಟಂಟ್ ದೇವಾಲಯವೂ ಬಿತ್ತು. ಮಸೀದಿ ಬಿದ್ದದ್ದು ದಂಡನೆ, ದೇವಾಲಯ ಬಿದ್ದದ್ದು ಪರೀಕ್ಷೆ ಎಂದು ಹೇಳುವ ತಕ್ಕಡಿ ನ್ಯಾಯದ ತಕ್ಕಡಿಯಲ್ಲ.

ದೊಡ್ಡವರೂ ಈ ವಿಷಯದಲ್ಲಿ ಒಂದೇ ಮನಸ್ಸುಳ್ಳವರಾಗಿರಲಿಲ್ಲ. 1934ನೆಯ ಇಸವಿ ಜನವರಿ 15ರಂದು ಬಿಹಾರ ನೇಪಾಳಗಳಲ್ಲಿ ಭೂಕಂಪವಾದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆಯೆಂದು ಗಾಂಧೀಜಿಯವರು ಹೇಳಿದರು. ರವೀಂದ್ರನಾಥ ಠಾಕೂರರು ಅಸ್ಪೃಶ್ಯತೆಯನ್ನು ವಿರೋಧಿಸುವವರೇ ಆಗಿದ್ದರೂ, ಪ್ರಕೃತಿಯ ವಿಪತ್ತಿಗೆ ಪ್ರಕೃತಿಯಲ್ಲಿಯೇ ಕಾರಣವುಂಟೆಂದು ಹೇಳಿ ಆ ಮಾತನ್ನು ಖಂಡಿಸಿದರು. ಅಸ್ಪೃಶ್ಯತೆ ಪಾಪವೇ ಸರಿ; ನಮ್ಮ ಸಭೆಗಳ ಅನೇಕ ಹಿರಿಯರು ಅದನ್ನು ತಮ್ಮ ಮೈಮೇಲೆಯೇ ಹೊತ್ತವರು. ಆದರೆ ನೆಲವು ನಡುಗುವಾಗ ಮುಟ್ಟದವನ ಮನೆ ಯಾವದು, ಮುಟ್ಟಿಸಿಕೊಳ್ಳದವನ ಮನೆ ಯಾವದು ಎಂದು ಕೇಳುವದಿಲ್ಲ.

ಹಾಗಾದರೆ ಭೂಕಂಪದಲ್ಲಿ ಪಾಪದ ಮಾತೇ ಇಲ್ಲವೋ ಎಂದು ಕೆಲವರು ಕೇಳಾರು. ದೇವರು ಭೂಮಿಯನ್ನು ನಡುಗಿಸುವನೆಂದು ಪ್ರವಾದಿಗಳು ಹೇಳಿದ್ದುಂಟು. ಅವರಿಗೆ ಆ ಸಂಗತಿಯ ವಿಷಯವಾಗಿ ಮಾತು ಕೊಡಲ್ಪಟ್ಟಿತ್ತು, ಕಿಲ್ಲಾರಿಯ ವಿಷಯವಾಗಿ ನಮಗೆ ಕೊಡಲ್ಪಟ್ಟಿಲ್ಲ. ಆದರೆ ಇನ್ನೊಂದು ಪಾಪವನ್ನು ಕಣ್ಣಾರೆ ಕಾಣಬಹುದು. ತುರ್ಕಸ್ಥಾನದಲ್ಲಿ ಕಟ್ಟಡಗಳನ್ನು ಸರಿಯಾಗಿ ಕಟ್ಟಲಿಲ್ಲವೆಂಬ ಆಪಾದನೆಯ ಮೇಲೆ ಅನೇಕ ಗುತ್ತೇದಾರರನ್ನು ಹಿಡಿದರು. ಅಂಥಲ್ಲಿ ಪಾಪಮಾಡಿದ ಕೈ ಒಬ್ಬನದು, ಒಡೆದ ತಲೆ ಮತ್ತೊಬ್ಬನದು.

ಕಿಲ್ಲಾರಿಯಲ್ಲಿ ಕೊಂದದ್ದು ಮನೆಗಳ ಭಾರವೇ. ಗುಂಡುಕಲ್ಲುಗಳನ್ನು ಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆಗಳು. ಗೋಡೆಯ ಒಳಮುಖವನ್ನೂ ಹೊರಮುಖವನ್ನೂ ಹಿಡಿದಿಡುವ ಉದ್ದಗಲ್ಲುಗಳಿಲ್ಲ. ತೊಲೆಗಳ ಮೇಲೆ ಬಿಸಿಲು ತಡೆಯಲೆಂದು ಒಂದೆರಡು ಅಡಿ ಮಣ್ಣು. ನೆಲವು ಅಲುಗಿದಾಗ ಗೋಡೆಯು ನಡುವೆ ಸೀಳಿತು, ಮಾಳಿಗೆ ಮಲಗಿದವರ ಮೇಲೆ ಬಿತ್ತು. ಹುಲ್ಲು ಹೊದಿಸಿದ ಗುಡಿಸಲುಗಳಲ್ಲಿದ್ದವರು ಹೆಚ್ಚಾಗಿ ಬದುಕಿದರು. ಇಂಥ ಮಣ್ಣಿನ ಮಾಳಿಗೆಗಳು ನಮ್ಮ ಸೀಮೆಯಲ್ಲಿಯೂ ಇವೆ. ಮಳೆಗಾಲಕ್ಕೆ ಮುಂಚೆ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣನ್ನು ಹಾಕುತ್ತಾ ಭಾರವನ್ನು ಬೆಳೆಸುವೆವು. ಒಳ್ಳೇದನ್ನು ಮಾಡಬಲ್ಲವನು ಮಾಡದಿದ್ದರೆ ಅದೇ ಪಾಪವೆಂದು ಯಾಕೋಬನ ಪತ್ರಿಕೆ ಕಲಿಸುತ್ತದಷ್ಟೆ.

ಯೋಬನ ಮಕ್ಕಳೂ ಮನೆ ಬಿದ್ದೇ ಸತ್ತರು. ಅವನ ಸ್ನೇಹಿತರು ಬಂದು ಏಳು ದಿವಸ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಷ್ಟರ ಮಟ್ಟಿಗೆ ಒಳ್ಳೇದನ್ನೇ ಮಾಡಿದರು. ಕಾರಣವನ್ನು ಹೇಳತೊಡಗಿದಾಗ ಕೆಟ್ಟರು. ಫಿಲಿಪ್ಪಿಯ ಸೆರೆಮನೆಯು ನಡುಗಿದಾಗ ಪೌಲನು ಯಜಮಾನನ ಪಾಪವನ್ನು ಎಣಿಸಲಿಲ್ಲ. ಕತ್ತಿ ಹಿರಿದು ತನ್ನನ್ನು ಕೊಂದುಕೊಳ್ಳಲಿದ್ದವನನ್ನು ಕೂಗಿ ತಡೆದು, ನಾವೆಲ್ಲರೂ ಇಲ್ಲಿಯೇ ಇದ್ದೇವೆಂದು ತಿಳಿಸಿದನು. ರಕ್ಷಣೆಯ ಬೋಧನೆ ಅದರ ತರುವಾಯ ಬಂತು.

ನಾವು ಮರುದಿನ ಆ ಬಾಯಿಯ ಮನೆಗೆ ಹೋಗಿ, ನಿನ್ನೆ ಹೇಳಿದ್ದು ತಪ್ಪೆಂದು ಒಪ್ಪಿಕೊಂಡು, ಬಹಳ ಹೊತ್ತು ಸುಮ್ಮನೆ ಕುಳಿತುಕೊಂಡೆವು. ಆಕೆ ಮಗಳ ಹೆಸರನ್ನು ಹೇಳಿದಳು. ಆ ಹೆಸರನ್ನು ಹಿಡಿದು ಪ್ರಾರ್ಥಿಸಿದೆವು.

ಆದಕಾರಣ ಪ್ರಿಯರೇ, ದೂರದ ಊರಿನ ದುಃಖವನ್ನು ಕೇಳುವಾಗ ಅವರ ಪಾಪವನ್ನು ಹುಡುಕದೆ ನಿಮ್ಮ ಕೇರಿಯಲ್ಲಿರುವ ವಿಧವೆಯ ಗೋಡೆಯನ್ನು ನೋಡಿರಿ. ಅದು ಉಬ್ಬಿದ್ದರೆ ಸಭೆಯವರು ಗವಂಡಿಯನ್ನು ಕರಕೊಂಡು ಹೋಗಿ ಸರಿಮಾಡಿಸಿರಿ. ಮಾಳಿಗೆಯ ಮೇಲಿನ ಹೆಚ್ಚಾದ ಮಣ್ಣನ್ನು ಇಳಿಸಿರಿ. ನಮ್ಮ ಮನಸ್ಸು ತಿರುಗಿತೆಂಬುದಕ್ಕೆ ಅದೂ ಒಂದು ಫಲವಾಗಿರುವದು. ಭೂಮಿ ಕದಲಿದರೂ ಕದಲದಿರುವ ಕರ್ತನು ನಮಗೆ ಅಂಥ ಮನಸ್ಸನ್ನು ಕೊಡಲಿ.