ಕಛೇರಿಯ ಬಾಗಿಲಲ್ಲಿ ನಮ್ಮ ಸಂಶಯ

ನಾವು ಸಭೆಯ ಒಬ್ಬ ವಿಧವೆಯ ಮಾಸಾಶನದ ಅರ್ಜಿಯನ್ನು ಹಿಡಿದು ಸರ್ಕಾರಿ ಕಛೇರಿಗೆ ಹೋದಾಗ, ಲಂಚ ಕೇಳುವರೆಂದೆಣಿಸಿ ನೂರು ರೂಪಾಯಿಯ ನೋಟೊಂದನ್ನು ಮಡಿಚಿಟ್ಟುಕೊಂಡಿದ್ದೆವು. ಗುಮಾಸ್ತನಾದರೋ, “ಕುಳಿತುಕೊಳ್ಳಿರಿ, ತಾಯೀ” ಎಂದು ಹೇಳಿ, ಅರ್ಜಿಯಲ್ಲಿದ್ದ ತಪ್ಪನ್ನು ತಿದ್ದಿಸಿ, ಸ್ವೀಕೃತಿಯ ಚೀಟಿಯನ್ನು ಕೊಟ್ಟು, ಏನನ್ನೂ ಬೇಡದೆ ಕಳುಹಿಸಿದನು. ನಾವು ಬೆರಗಾದೆವು, ಕೂಡಲೇ ನಾಚಿದೆವು.

ಕರ್ನಾಟಕದ 2011ರ ಸಕಾಲ ಕಾಯಿದೆಯು ಒಂದೊಂದು ಸೇವೆಗೆ ಗಡುವನ್ನು ನೇಮಿಸಿ, ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯ ವರೆಗೆ ಅರ್ಜಿದಾರನಿಗೆ ಪರಿಹಾರ ಸಲ್ಲತಕ್ಕದ್ದೆಂದು ವಿಧಿಸಿತು. ಆದರೆ ಗಡುವನ್ನು ವಿಧಿಸುವ ಕಾಯಿದೆಯು ದಯೆಯನ್ನು ವಿಧಿಸಲಾರದು.

ಹಾಗಾದರೆ ಆ ದಿನ ಪಾಪವು ಯಾರ ಮನಸ್ಸಿನಲ್ಲಿತ್ತು? ಕೇಳದವನಲ್ಲಿಯೋ, ಕೊಡುವದಕ್ಕೆ ಸಿದ್ಧರಾಗಿ ಹೋದ ನಮ್ಮಲ್ಲಿಯೋ? ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯನಲ್ಲಿ ಕರ್ತನು ಶಿಷ್ಯನನ್ನು ಕಂಡನು. ನಾವು ಮೇಜಿನ ಹಿಂದೆ ಲಂಚಗಾರನನ್ನೇ ಕಂಡೆವು. ಆದದರಿಂದ ಇನ್ನು ಮುಂದೆ ಸಂಶಯವನ್ನೂ ಮಡಿಚಿದ ನೋಟನ್ನೂ ಮನೆಯಲ್ಲಿಯೇ ಬಿಟ್ಟು ಹೋಗೋಣ.