ಕರದ ಕಂತು ಮತ್ತು ಕಾಯಕದ ಶುದ್ಧಿ

ಕಾಯಕದಿಂದ ಬಂದ ಧನವೆಲ್ಲವೂ ಕಾಯಕ ಮಾಡಿದವನದೇ? ಶರಣರ ಕಾಲದಿಂದ ಬಂದ ಈ ಪ್ರಶ್ನೆಯು ಇಂದಿನ ಗೃಹಸ್ಥನಿಗೆ ಆದಾಯ ತೆರಿಗೆಯ ರೂಪದಲ್ಲಿಯೂ ಎದುರಾಗುತ್ತದೆ.

ಸಂಬಳದವರ ತೆರಿಗೆಯನ್ನು ಕೊಡುವವರೇ ತಿಂಗಳು ತಿಂಗಳೂ ಮುರಿದುಕೊಳ್ಳುವರು. ಗೋಕಾಕದ ಕರದಂಟಿನ ಅಂಗಡಿಕಾರ, ಮೂಡಲಗಿಯ ಬೆಲ್ಲದ ವರ್ತಕ, ಹುಕ್ಕೇರಿಯ ವೈದ್ಯ ಮೊದಲಾದವರು ತಾವೇ ಲೆಕ್ಕ ಹಾಕಿ ತುಂಬಬೇಕು. ವರ್ಷದ ಬಾಕಿ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾಗುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ರೊಳಗೆ ಕ್ರಮವಾಗಿ ಒಟ್ಟು ನೂರಕ್ಕೆ 15, 45, 75, 100ರಷ್ಟು ಸಂದಿರಬೇಕು. ಅಂದಾಜು ಲಾಭದ ಪದ್ಧತಿಯನ್ನು ಆಯ್ದ ಸಣ್ಣ ವ್ಯಾಪಾರಿಗೆ ಮಾರ್ಚಿ ತಿಂಗಳ ಒಂದೇ ಕಂತು ಸಾಕು. ಬೇಸಾಯದ ಆದಾಯಕ್ಕೆ ಈ ತೆರಿಗೆಯಿಲ್ಲ. ಆದರೆ ರೈತನಿಂದ ಬೆಲ್ಲ ಕೊಂಡು ಮಾರುವವನ ಲಾಭವು ಬೇಸಾಯದ್ದಲ್ಲ.

ಕಂತು ತಪ್ಪಿಸುವುದು ಅಪರಾಧವೇ? ಕಾಯ್ದೆಯು ಕಂತನ್ನು ಕರ್ತವ್ಯವೆಂದೇ ವಿಧಿಸಿದೆ. ತಪ್ಪಿಸಿದವನು ವಿಧಿಯನ್ನು ಮೀರಿದನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಷ್ಟರಿಂದಲೇ ಅವನು ಸೆರೆಮನೆಗೆ ಹೋಗುವುದಿಲ್ಲ. ಕಡಿಮೆ ಬಿದ್ದ ಹಣಕ್ಕೆ ತಿಂಗಳಿಗೆ ನೂರಕ್ಕೆ 1ರಂತೆ ಬಡ್ಡಿ ತೆರಬೇಕಾಗುತ್ತದೆ. ಬುದ್ಧಿಪೂರ್ವಕವಾಗಿ ಆದಾಯವನ್ನು ಮರೆಮಾಚಿ ತೆರಿಗೆ ತಪ್ಪಿಸಲೆತ್ನಿಸುವುದು ಬೇರೆ. ಅದು ದಂಡನಾರ್ಹ ಅಪರಾಧ.

“ಹಾಗಾದರೆ ಬಡ್ಡಿ ಕೊಟ್ಟರಾಯಿತು, ಆ ಹಣವನ್ನು ಅಲ್ಲಿಯವರೆಗೆ ವ್ಯಾಪಾರದಲ್ಲಿ ದುಡಿಸೋಣ” ಎಂದು ಕೆಲವರು ವಾದಿಸುವರು. ಇಲ್ಲಿಯೇ ಭಕ್ತನು ಎಚ್ಚರಗೊಳ್ಳಬೇಕು. ಬಡ್ಡಿಯು ತಡವಾದುದಕ್ಕೆ ಪರಿಹಾರವೇ ಹೊರತು ತಡಮಾಡುವುದಕ್ಕೆ ಅನುಜ್ಞೆಯಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಆಯ್ದಲ್ಲಿಯೇ ಸುರಿದು ಬರಲು ಹೇಳಿದಳು. ಕದ್ದ ಅಕ್ಕಿಯೇನೂ ಅದಾಗಿರಲಿಲ್ಲ. ಆದರೂ ತಮಗೆ ಸಲ್ಲದುದನ್ನು ಒಂದು ರಾತ್ರಿಯೂ ಮನೆಯಲ್ಲಿರಿಸಲು ಆ ತಾಯಿ ಒಪ್ಪಲಿಲ್ಲ. ಸಮಾಜಕ್ಕೆ ಸಲ್ಲತಕ್ಕ ಪಾಲನ್ನು ತಿಳಿದೂ ತಿಂಗಳುಗಟ್ಟಲೆ ದುಡಿಸಿಕೊಳ್ಳುವವನು ಆಕೆಯ ಮುಂದೆ ಏನು ಹೇಳಿಯಾನು?

ಬೆಲ್ಲದ ಧಾರಣೆ ಏರಿಳಿದು ಅಂದಾಜು ತಪ್ಪುವುದುಂಟು. ಮನೆಯಲ್ಲಿ ರೋಗ ಬಂದು ಕೈ ಬರಿದಾಗುವುದುಂಟು. ಅಂತಹವನು ಬಡ್ಡಿಯೊಡನೆ ಬಾಕಿ ತೀರಿಸಿದರೆ ಅವನ ಕಾಯಕಕ್ಕೆ ಕಲಂಕವಿಲ್ಲ. ದೋಷವಿರುವುದು ಕೈಯ ಬಡತನದಲ್ಲಲ್ಲ, ಮನದ ಲೋಭದಲ್ಲಿ.

ಶ್ರಾವಣದಲ್ಲಿ ಮಠಕ್ಕೆ ಅಕ್ಕಿಯ ಮೂಟೆ ಕಳುಹಿಸಿ, ಸೆಪ್ಟೆಂಬರಿನ ಕಂತನ್ನು ಬೇಕೆಂದೇ ಮರೆಯುವ ಭಕ್ತನೂ ಇದನ್ನು ಯೋಚಿಸಬೇಕು. ದಾಸೋಹವು ಭಕ್ತಿಯಿಂದ ಕೊಡುವುದು; ಕರವು ತೀರಿಸಲೇಬೇಕಾದ ಋಣ. ಋಣವನ್ನುಳಿಸಿಕೊಂಡು ಮಾಡಿದ ದಾಸೋಹವು ಪರಧನದ ದಾಸೋಹವಾದೀತು. ಮೊದಲು ಋಣ ತೀರಲಿ. ಉಳಿದುದು ಹಿಡಿಯಕ್ಕಿಯಾದರೂ ಜಂಗಮಕ್ಕೆ ಅದೇ ಸಲ್ಲುವುದು.